ಕೆಂಪು ಕಣ್ಣೆಲ್ಲ ಮದ್ರಾಸ್ ಐ ಅಲ್ಲ

ಮಾನ್ಯರೇ,

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಹಳ್ಳಿಗಳಲ್ಲಿ ಕಣ್ಣು ಕೆಂಪಾದರೆ ಮೊದಲು ನಂದಿಬಟ್ಟಲು ಹೂವಿನ ರಸ, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಡ್ರಾಪ್ಸ್. ಮದ್ರಾಸ್ ಐ ಆದರೆ ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ. ಕಣ್ಣಿನೊಳಗೆ ಪಾಪೆಯ ಸುತ್ತಲಿನ ಪರದೆಗೇ ಉರಿಯೂತ ಬಂದಿದ್ದರೆ, ಅಂದರೆ ಯುವೈಟಿಸ್ ಆಗಿದ್ದರೆ, ಹೀಗೆ ಕಳೆದ ಒಂದೊಂದು ದಿನವೂ ದೃಷ್ಟಿಗೆ ಕುತ್ತು.

ಮನೆಯಲ್ಲೇ ಅನುಮಾನ ಪಡಲು ಗುರುತುಗಳಿವೆ. ಮದ್ರಾಸ್ ಐನಲ್ಲಿ ಹೆಚ್ಚಾಗಿ ಪಿಸುರು ಕಟ್ಟಿ ಬೆಳಿಗ್ಗೆ ರೆಪ್ಪೆ ಅಂಟಿರುತ್ತದೆ. ಒರೆಸಿದರೆ ನೋಟ ತಿಳಿಯಾಗುತ್ತದೆ. ಯುವೈಟಿಸ್‌ನಲ್ಲಿ ಪಿಸುರಿಲ್ಲ, ಬರೀ ನೀರು. ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುತ್ತದೆ, ಒಳಗಿನಿಂದ ನೋವು, ಮಬ್ಬು ನೋಟ. ಕೆಂಪು ಕರಿಗುಡ್ಡೆಯ ಅಂಚಿನಲ್ಲೇ ಬಳೆಯಂತೆ ದಟ್ಟವಾಗಿರುತ್ತದೆ. ಚೆನ್ನಾಗಿರುವ ಕಣ್ಣಿಗೆ ಟಾರ್ಚ್ ಬಿಟ್ಟರೂ ನೋಯುವುದು ಕೆಂಪಾದ ಕಣ್ಣೇ. ಆ ಕಣ್ಣಿನ ಪಾಪೆ ಕಿರಿದಾಗಿರುತ್ತದೆ; ತಡವಾದರೆ ಪರದೆ ಹಿಂದಿನ ಮಸೂರಕ್ಕೆ ಅಂಟಿ ಪಾಪೆಯ ದುಂಡೇ ಕೆಡುತ್ತದೆ. ಖಚಿತವಾಗುವುದು ಸ್ಲಿಟ್ ಲ್ಯಾಂಪ್‌ನಲ್ಲಿ, ಅಂದರೆ ವೈದ್ಯರು ಕಣ್ಣನ್ನು ದೊಡ್ಡದಾಗಿ ನೋಡುವ ಬೆಳಕಿನ ಸೂಕ್ಷ್ಮದರ್ಶಕದಲ್ಲಿ; ಕಣ್ಣಿನ ಮುಂಭಾಗದ ತಿಳಿನೀರಿನಲ್ಲಿ ಬಿಳಿ ರಕ್ತಕಣ ತೇಲುವುದು ಕಾಣುತ್ತದೆ.

ಇದಕ್ಕೆ ಸ್ಟೀರಾಯ್ಡ್ ಡ್ರಾಪ್ಸೇ ಮದ್ದು, ಆದರೆ ಅಂಗಡಿಯಿಂದ ನೇರ ತಂದದ್ದಲ್ಲ. ಹಿಪ್ಪುನೇರಳೆ ಕಡ್ಡಿಯೋ ಟೊಮೆಟೊ ತೋಟದ ಗೂಟವೋ ತಾಗಿ ಫಂಗಸ್ ಹುಣ್ಣಾಗಿದ್ದರೆ, ಇಲ್ಲವೇ ಹರ್ಪಿಸ್ ವೈರಸ್‌ನ ಹುಣ್ಣಿದ್ದರೆ, ಅದೇ ಡ್ರಾಪ್ಸ್‌ನಿಂದ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ತೂತಾಗಬಹುದು. ಫ್ಲೋರೆಸೀನ್ ಬಣ್ಣ ಹಾಕಿ ಹುಣ್ಣಿಲ್ಲವೆಂದು ಮೊದಲು ನೋಡಲೇಬೇಕು. ಸ್ಟೀರಾಯ್ಡ್ ಕಣ್ಣಿನ ಒತ್ತಡ ಏರಿಸುವುದರಿಂದ ಅದನ್ನೂ ಆಗಾಗ ಅಳೆಯಬೇಕು.

ವಾಡಿಕೆಯಲ್ಲಿ ಪ್ರೆಡ್ನಿಸೋಲೋನ್ ಅಸಿಟೇಟ್ 1% ಎಂಬ ಸ್ಟೀರಾಯ್ಡ್ ಡ್ರಾಪ್ಸನ್ನು ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಶುರುಮಾಡಿ, ತಿಳಿನೀರಿನ ಬಿಳಿ ರಕ್ತಕಣಗಳು ತಗ್ಗಿದಂತೆ ಇಳಿಸುತ್ತಾ 4–6 ವಾರ ಹಾಕುತ್ತಾರೆ. ಮದ್ದು ಸೀಸೆಯ ತಳದಲ್ಲಿ ಕೂರುತ್ತದೆ, ಚೆನ್ನಾಗಿ ಅಲ್ಲಾಡಿಸದಿದ್ದರೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ನೀರೇ. 5 ನಿಮಿಷ ಬಿಟ್ಟು ಹೋಮಟ್ರೋಪಿನ್ ಅಥವಾ ಅಟ್ರೋಪಿನ್. ಇದರಿಂದ ಪಾಪೆ ಹಿಗ್ಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಮದ್ದಿನಿಂದ ಕಣ್ಣೇ ಹೋಯಿತೆಂದು ಹೆದರಿ ಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಪರದೆ ಅಂಟದಂತೆ ಕಾಯುವುದು, ನೋವು ತಗ್ಗಿಸುವುದು ಅದೇ. ಕೆಂಪು ಹೋಯಿತೆಂದು ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸಿದರೂ ಉರಿಯೂತ ಮರುಕಳಿಸುತ್ತದೆ.

ಪದೇ ಪದೇ ಬಂದರೆ ಕಾರಣ ಹುಡುಕಬೇಕು. ಬೆಳಗಿನ ಹೊತ್ತು ಸೊಂಟ ಹಿಡಿಯುವ ಯುವಕರಿಗೆ ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿ ಗುರುತಿನ ರಕ್ತಪರೀಕ್ಷೆ, ಜೊತೆಗೆ ಕ್ಷಯ, ಸಿಫಿಲಿಸ್ ಪರೀಕ್ಷೆ. ಕೀಲುವಾತವಿರುವ ಮಕ್ಕಳಲ್ಲಿ ಕಣ್ಣು ಕೆಂಪಾಗದೆ, ನೋಯದೆಯೂ ಇದು ಬರುತ್ತದೆ. ಅವರಿಗೆ ನಿಗದಿತ ಸ್ಲಿಟ್ ಲ್ಯಾಂಪ್ ತಪಾಸಣೆ ಬೇಕೇ ಬೇಕು.

ಚೀಟಿ ಇಲ್ಲದೆ ಸ್ಟೀರಾಯ್ಡ್ ಡ್ರಾಪ್ಸ್ ಮಾರುವುದನ್ನು ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳು ತಡೆಯಬೇಕು. ವೈದ್ಯರು ಯಾವ ವಾರ ಎಷ್ಟು ಹನಿ ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಲಿ.

– ನೇತ್ರ ವೈದ್ಯರು, ಚಿಂತಾಮಣಿ