ಮೈಸೂರಿಗೆ 90 ನಿಮಿಷ ಸಾಕು ಅಂದ ಗೆಳೆಯನಿಗೆ

ಪ್ರೀತಿಯ ಪ್ರಸನ್ನ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಮೊದಲ ಸಲ ನಿನ್ನ ಅವಳಿ ಮಕ್ಕಳ ಕಿರುಚಾಟ ಬಿಟ್ಟರೆ ಏನೂ ತಿಳಿಯಲಿಲ್ಲ. ಎರಡನೇ ಸಲ ತಿಳಿಯಿತು, ತಿಳಿದ ಮೇಲೆ ನಗು ಬಂತು. ಜನವರಿಯಲ್ಲಿ ಪುಣೆಯಿಂದ ಬರುತ್ತೀಯ, ನಮ್ಮ ಕಾರು ತೆಗೆದುಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಟು ಎಕ್ಸ್‌ಪ್ರೆಸ್ ವೇಯಲ್ಲಿ 90 ನಿಮಿಷಕ್ಕೆ ಮೈಸೂರು ಮುಟ್ಟಿ, ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ ಎಲ್ಲ ಮುಗಿಸಿ ರಾತ್ರಿ ಊಟಕ್ಕೆ ಬೆಂಗಳೂರಿಗೆ ವಾಪಸ್! ನಾಲ್ಕು ವರ್ಷದ ಇಬ್ಬರನ್ನು ಕಟ್ಟಿಕೊಂಡು! ಹಾಸ್ಟೆಲ್‌ನಲ್ಲಿ ಮೆಸ್ ಬಿಲ್ ಲೆಕ್ಕ ಹಾಕುವಾಗಲೇ ಗೊತ್ತಿತ್ತು ಕಣೋ, ನಿನಗೆ ಕೂಡೋದು ಬರುತ್ತೆ, ಕಳೆಯೋದು ಬರಲ್ಲ ಅಂತ.

ಕಾರು ಕೊಡುತ್ತೇನೆ, ಅದಕ್ಕೇನೂ ತೊಂದರೆಯಿಲ್ಲ. ಆದರೆ ಒಂದು ಷರತ್ತು. ಹೋಗುವಾಗ ಎಕ್ಸ್‌ಪ್ರೆಸ್ ವೇ ಹತ್ತಬೇಡ. ಬರುವಾಗ ಬೇಕಾದರೆ ಹತ್ತು.

ಯಾಕೆ ಅಂತ ಕೇಳು. ಆ ರಸ್ತೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ಎಲ್ಲರ ಹಾಗೆ ನಾವೂ ಖುಷಿಯಿಂದ ಹೋದೆವು. ಸುಮಾರು 118 ಕಿಲೋಮೀಟರ್, ನಡುವಿನ ಆರು ಲೇನ್‌ಗೆ ಎರಡೂ ಕಡೆ ಬೇಲಿ, ಸಿಗ್ನಲ್ ಇಲ್ಲ, ಹಂಪ್ ಇಲ್ಲ. ಚಿಕ್ಕವನಿಗೆ ಆಗಷ್ಟೇ ಡೈಪರ್ ಬಿಡಿಸಿದ್ದೆವು. ಬಿಡದಿ ದಾಟಿದ್ದೇ ತಡ, ಹಿಂದಿನಿಂದ "ಅಪ್ಪಾ, ಸುಸು." ಆಗ ತಾನೇ ಒಂದು ಎಕ್ಸಿಟ್ ಹಿಂದೆ ಹೋಗಿತ್ತು. ಪಕ್ಕದಲ್ಲಿ ನಿಲ್ಲಿಸೋಣ ಅಂದರೆ ನೂರರ ವೇಗದಲ್ಲಿ ಗಾಡಿಗಳು ರೊಯ್ಯನೆ ಹೋಗುತ್ತಿವೆ. ಬೇಲಿಯಾಚೆ ಸರ್ವಿಸ್ ರಸ್ತೆಯಲ್ಲಿ ಎಳನೀರಿನ ಅಂಗಡಿ, ಮರ, ಹೋಟೆಲ್ ಎಲ್ಲ ಕಾಣುತ್ತಿದೆ, ಆದರೆ ಇಳಿಯೋಕೆ ದಾರಿಯೇ ಇಲ್ಲ. "ಇನ್ನೊಂಚೂರು ತಡ್ಕೋ ಪುಟ್ಟಾ" ಅಂತ ನಾವಿಬ್ಬರೂ ಭಜನೆ ಮಾಡುತ್ತಾ ಹೋದೆವು. ಮುಂದಿನ ಎಕ್ಸಿಟ್ ಬರುವ ಹೊತ್ತಿಗೆ ಅವನು ಸಮಾಧಾನವಾಗಿ ಕಿಟಕಿ ನೋಡುತ್ತಾ ಕೂತಿದ್ದ. ಆ ಸೀಟಿನ ವಾಸನೆ ಹೋಗೋಕೆ ಒಂದು ತಿಂಗಳು ಹಿಡಿಯಿತು.

ಅವತ್ತಿನಿಂದ ನಾವು ಹಳೇ ದಾರಿಯ ಗಿರಾಕಿಗಳು. ದೊಡ್ಡ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬಳಸಿಕೊಂಡು ಹೋಗುತ್ತೆ. ಮದ್ದೂರಿನಲ್ಲಂತೂ ಮೇಲಿಂದಲೇ ಹಾರಿಹೋಗುತ್ತೆ. ಹಳೇ ರಸ್ತೆ ಊರೊಳಗೆ ಹಾಗೇ ಇದೆ, ಊರು ದಾಟಿದ ಮೇಲೆ ಸರ್ವಿಸ್ ರಸ್ತೆ ಹಿಡಿದರಾಯಿತು. ಟೋಲ್ ಕೊಡಬೇಕಾಗಿಲ್ಲ. ಒಂದು ಎಚ್ಚರ ಇರಲಿ, ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು 2023ರ ಆಗಸ್ಟ್‌ನಿಂದ ದೊಡ್ಡ ರಸ್ತೆಗೆ ಬಿಡುತ್ತಿಲ್ಲ, ಅವೆಲ್ಲ ಇಲ್ಲೇ ಓಡಾಡುತ್ತವೆ. ನಿಧಾನಕ್ಕೆ ಹೋಗು. ಕಬ್ಬಿನ ಗಾಡಿ ಹಿಂದೆ ಸಿಕ್ಕಿಹಾಕಿಕೊಂಡರೆ ಹಾರ್ನ್ ಹೊಡೆಯಬೇಡ, ಮಕ್ಕಳಿಗೆ ಎತ್ತಿನ ಕೊಂಬಿನ ಬಣ್ಣ ತೋರಿಸು.

ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡು. ಎಂಟಕ್ಕೆ ಹೊರಟರೆ ಕೆಂಗೇರಿಯಲ್ಲೇ ಅರ್ಧ ಜೀವ ಹೋಗುತ್ತೆ. ಮಕ್ಕಳನ್ನು ಎಬ್ಬಿಸಬೇಡ, ಮಲಗಿದ ಹಾಗೇ ಎತ್ತಿ ಹಾಕಿಕೋ. ಬಿಡದಿಯಲ್ಲಿ ಎದ್ದಾಗ ತಟ್ಟೆ ಇಡ್ಲಿ. ನಿನ್ನವರು ಏನೂ ತಿನ್ನಲ್ಲ ಅಂತ ಗೋಳಾಡುತ್ತೀಯಲ್ಲ, ಮೇಲೆ ಬೆಣ್ಣೆ ಹಾಕಿಸು, ತಮ್ಮ ಮುಖಕ್ಕಿಂತ ಅಗಲದ ಇಡ್ಲಿ ನೋಡಿಯಾದರೂ ಬಾಯಿ ತೆರೆಯುತ್ತಾರೆ. ಅಲ್ಲೇ ಹತ್ತಿರ ವಂಡರ್‌ಲಾ ಬೋರ್ಡ್ ಕಾಣುತ್ತೆ. ನೋಡದ ಹಾಗೆ ಮಾಡು. ಎಷ್ಟೋ ಆಟಗಳಿಗೆ ಎತ್ತರ ಅಳೆದು ಬಿಡುತ್ತಾರೆ, ಇಷ್ಟು ಚಿಕ್ಕವರಿಗೆ ದುಡ್ಡು ದಂಡ.

ರಾಮನಗರ ದಾಟಿದ ಮೇಲೆ ಜಾನಪದ ಲೋಕ. ಬಸ್ಸಿನಲ್ಲಿ ಎಷ್ಟು ಸಲ ಅದರ ಮುಂದೆ ಹೋಗಿದ್ದೇವೆ, ಒಂದು ದಿನವೂ ಇಳಿದಿರಲಿಲ್ಲ ಅಲ್ವಾ? ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು, ಊರೂರು ತಿರುಗಿ ಹಾಡು, ಕಥೆ, ಪಾತ್ರೆ, ನೇಗಿಲು ಎಲ್ಲ ಸೇರಿಸಿ 1994ರಲ್ಲಿ ಇದನ್ನು ನಿಲ್ಲಿಸಿದರು. ಮಕ್ಕಳಿಗೆ ಆ ಇತಿಹಾಸ ಎಲ್ಲ ಬೇಡ. ಅವರಿಗೆ ಬೇಕಾಗಿದ್ದು ಓಡೋಕೆ ಜಾಗ, ಅದು ಸುಮಾರು ಹದಿನೈದು ಎಕರೆ ಇದೆ. ಒಳಗೆ ತೊಗಲು ಗೊಂಬೆ, ದೊಡ್ಡ ದೊಡ್ಡ ಮುಖವಾಡ, ಕಾಳು ತುಂಬುವ ಆಳೆತ್ತರದ ಮಡಕೆ. ಮುಖವಾಡ ನೋಡಿ ನಮ್ಮ ಚಿಕ್ಕವನು ನನ್ನ ಕಾಲು ಹಿಡಿದುಕೊಂಡು ಬಿಡಲೇ ಇಲ್ಲ, ಆದರೆ ಮನೆಗೆ ಬಂದ ಮೇಲೆ ಒಂದು ವಾರ ಅದೇ ಮಾತು.

ಚನ್ನಪಟ್ಟಣದಲ್ಲಿ ಮಾತ್ರ ಅವಸರ ಮಾಡಬೇಡ. ರಸ್ತೆಯ ಪಕ್ಕ ಸಾಲಾಗಿ ಬೊಂಬೆ ಅಂಗಡಿಗಳಿವೆ, ಮುಂದೆ ಮರದ ಆಡುವ ಕುದುರೆ ನಿಲ್ಲಿಸಿರುತ್ತಾರೆ. ಮಕ್ಕಳು ಮೊದಲು ಅದರ ಮೇಲೆ ಹತ್ತುತ್ತಾರೆ, ಆಮೇಲೆ ಇಳಿಯಲ್ಲ. ಸುಮ್ನೆ ಕೊಂಡು ಹೊರಡುವುದಾದರೆ ಅದೂ ಸರಿ, ಆದರೆ ಎಲ್ಲ ಅಂಗಡಿಯಲ್ಲೂ ಇಟ್ಟಿದ್ದೆಲ್ಲ ಅಲ್ಲಿಯದೇ ಅಂತ ನಂಬಬೇಡ. ನಾವು ಊರೊಳಗೆ ಕಲಾನಗರದ ಕಡೆ ಹೋಗಿ, ಬೊಂಬೆ ಮಾಡುವುದನ್ನು ನೋಡಬಹುದಾ ಅಂತ ಕೇಳಿದೆವು. ಒಬ್ಬರು ಒಳಗೆ ಕರೆದರು. ಆಲೆ ಮರದ ತುಂಡು ಲೇತ್‌ಗೆ ಸಿಕ್ಕಿಸಿ, ಉಳಿ ಹಿಡಿದರೆ ಮರದ ಸಿಪ್ಪೆ ಜಿಲೇಬಿಯ ಹಾಗೆ ಸುರುಳಿ ಸುರುಳಿಯಾಗಿ ಬೀಳುತ್ತೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತೆ, ಬ್ರಷ್ಷಿಲ್ಲ, ಡಬ್ಬಿ ಬಣ್ಣವಿಲ್ಲ. ಕೊನೆಗೆ ಒಂದು ಒಣ ತಾಳೆಗರಿ ಹಿಡಿದು ಒತ್ತಿದರೆ ಫಳಫಳ. ನೋಡ್ತಾ ನೋಡ್ತಾ ಐದು ನಿಮಿಷದಲ್ಲಿ ಒಂದು ಬುಗುರಿ. ಮಗಳು ಉಸಿರು ಬಿಡದೆ ನಿಂತಿದ್ದಳು, ಟೀವಿ ಮುಂದೆಯೂ ಅವಳು ಹಾಗೆ ನಿಲ್ಲಲ್ಲ. ಬುಗುರಿ ಇನ್ನೂ ಬೆಚ್ಚಗೆ ಇರುವಾಗಲೇ ಅವಳ ಕೈಗೆ ಕೊಟ್ಟರು. ಚೌಕಾಶಿ ಮಾಡಲು ನನಗೆ ಮನಸ್ಸೇ ಬರಲಿಲ್ಲ, ನೀನೂ ಮಾಡಬೇಡ. ನಿನ್ನ ಅವಳಿಗಳಿಗೆ ಒಂದೇ ಬಣ್ಣದ ಎರಡು ತೆಗೆದುಕೋ, ಇಲ್ಲದಿದ್ದರೆ ಮೈಸೂರಿನವರೆಗೂ ಯುದ್ಧ.

ಇನ್ನು ಈ ಪತ್ರ ಬರೆಯೋಕೆ ನಿಜವಾದ ಕಾರಣಕ್ಕೆ ಬರುತ್ತೇನೆ. ಚನ್ನಪಟ್ಟಣ ಬಿಟ್ಟು ಮದ್ದೂರಿನ ಕಡೆ ಹೋಗುವಾಗ ರುದ್ರಾಕ್ಷಿಪುರ ಅಂತ ಸಿಗುತ್ತೆ. ಅಲ್ಲಿ ಎಡಕ್ಕೆ ತಿರುಗಿ ಹನ್ನೆರಡು ಕಿಲೋಮೀಟರ್ ಹೋದರೆ ಕೊಕ್ಕರೆ ಬೆಳ್ಳೂರು. ಪಕ್ಷಿಧಾಮ ಅಂದರೆ ಬೇಲಿ, ಗೇಟು, ಟಿಕೆಟ್ಟು, ದೂರದಲ್ಲೊಂದು ಬಿಳಿ ಚುಕ್ಕೆ ಅಂತ ಅಂದುಕೊಂಡಿದ್ದೆ. ಇದು ಹಾಗಲ್ಲ, ಊರೇ ಪಕ್ಷಿಧಾಮ. ಮನೆಗಳ ಹಿತ್ತಲಲ್ಲಿ ಹುಣಸೆ ಮರ, ಮರದ ತುಂಬಾ ಹೆಜ್ಜಾರ್ಲೆ, ಅಂದರೆ ಪೆಲಿಕನ್, ಮತ್ತೆ ಬಣ್ಣದ ಕೊಕ್ಕರೆ. ಕೆಳಗೆ ಅಜ್ಜಿ ಪಾತ್ರೆ ತೊಳೆಯುತ್ತಿರುತ್ತಾರೆ, ತಲೆಯ ಮೇಲೆ ಹೆಜ್ಜಾರ್ಲೆ ಚೀಲದಂಥ ಗಂಟಲು ತೆರೆದು ಮರಿಗೆ ಮೀನು ಕೊಡುತ್ತಿರುತ್ತೆ. ಡಿಸೆಂಬರ್-ಜನವರಿಗೆ ಬಂದು ಗೂಡು ಕಟ್ಟಿ, ಮರಿ ದೊಡ್ಡದಾದ ಮೇಲೆ ಮಳೆಗಾಲದ ಹೊತ್ತಿಗೆ ಹೋಗುತ್ತವೆ. ನೀನು ಬರುವುದು ಗೂಡು ಕಟ್ಟುವ ಕಾಲಕ್ಕೇ, ಕಡ್ಡಿ ಕಚ್ಚಿಕೊಂಡು ಹಾರಾಡುವುದು ಕಾಣಬಹುದು.

ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಅಂತ ಅಲ್ಲಿಯವರ ನಂಬಿಕೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಿದ್ದ ಹಾಗೆ ಅನ್ನುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ ಆಗುತ್ತೆ, ಆದರೆ ಹಕ್ಕಿ ಕೂತ ಮರದಲ್ಲಿ ಹುಣಸೆಹಣ್ಣು ಕೀಳುವ ಹಾಗಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಮಾಡಿದರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡೋಕೆ ಊರಿನ ಹುಡುಗರದ್ದೇ ಹೆಜ್ಜಾರ್ಲೆ ಬಳಗ ಇದೆ. "ಮೊದಲು ಇನ್ನೂ ಜಾಸ್ತಿ ಬರುತ್ತಿದ್ದವು, ಮರಗಳು ಕಡಿಮೆ ಆದವು" ಅಂತ ಒಬ್ಬರು ಯಜಮಾನರು ಹೇಳಿದರು. ಮಗಳು ಎಲ್ಲ ಕೇಳಿಸಿಕೊಂಡು, "ಹಕ್ಕಿಗಳು ಇವರಿಗೆ ಬಾಡಿಗೆ ಕೊಡುತ್ತವಾ ಅಪ್ಪಾ?" ಅಂದಳು. ಯಜಮಾನರು ನಕ್ಕು, "ಕೊಡ್ತವೆ ಕಣವ್ವ, ತಲೆ ಮ್ಯಾಲೆ ಕೊಡ್ತವೆ" ಅಂದರು. ಅದು ತಮಾಷೆಯಲ್ಲ, ಟೋಪಿ ತೆಗೆದುಕೊಂಡು ಹೋಗು. ವಾಸನೆಯೂ ಇರುತ್ತೆ, ನಿಮ್ಮ ಮನೆಯವರಿಗೆ ಮೊದಲೇ ಹೇಳಿಬಿಡು. ಮಕ್ಕಳು ಕಲ್ಲು ಎತ್ತದ ಹಾಗೆ, ಕೂಗದ ಹಾಗೆ ನೋಡಿಕೋ. ಬೇರೆಯವರ ಹಿತ್ತಲಲ್ಲಿ ನಿಂತಿರುತ್ತೀರಿ, ಅಷ್ಟು ನೆನಪಿರಲಿ.

ವಾಪಸ್ ಬಂದು ಮದ್ದೂರು. ವಡೆ ಬಗ್ಗೆ ನಿನಗೆ ನಾನು ಹೇಳಬೇಕಾ? ಪುಶ್‌ಪುಲ್ ರೈಲಿನಲ್ಲಿ ಬುಟ್ಟಿ ಹೊತ್ತವರು "ವಡೇ ವಡೇ" ಅಂತ ಬಂದಾಗ ನೀನು ನಿದ್ದೆಯಲ್ಲೇ ಕೈ ಚಾಚುತ್ತಿದ್ದವನು, ದುಡ್ಡು ಮಾತ್ರ ನಾನು ಕೊಡುತ್ತಿದ್ದವನು. ಅದು ಶುರುವಾಗಿದ್ದೂ ರೈಲ್ವೆ ಸ್ಟೇಷನ್ನಿನಲ್ಲೇ, 1917ರಲ್ಲಿ, ರಾಮಚಂದ್ರ ಬುಧ್ಯ ಅನ್ನುವವರಿಂದ. ರೈಲು ಬೇಗ ಬಂದುಬಿಟ್ಟಿತಂತೆ, ಪಕೋಡ ಕರಿಯಲು ಹೊತ್ತಿಲ್ಲ ಅಂತ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಕಥೆ ಹೇಗಾದರೂ ಇರಲಿ, ಮಕ್ಕಳಿಗೆ ಹಸಿಮೆಣಸಿನಕಾಯಿ ಆರಿಸಿ ಕೊಡು, ನಮ್ಮವನು ಒಂದು ತುಂಡು ಕಚ್ಚಿ ಇಡೀ ಹೋಟೆಲ್ ತಿರುಗಿ ನೋಡುವ ಹಾಗೆ ಅತ್ತಿದ್ದಾನೆ. ಎಳನೀರು ಕುಡಿಸಿದ ಮೇಲೆ ಸರಿ ಹೋದ. ಮದ್ದೂರಿನಲ್ಲಿ ಎಳನೀರಿಗೆ ಬರವಿಲ್ಲ, ದೊಡ್ಡ ಮಾರುಕಟ್ಟೆಯೇ ಇದೆ.

ಮಂಡ್ಯ ಸುತ್ತಮುತ್ತ ಹೊಗೆ ಏಳುವ ಆಲೆಮನೆ ಕಂಡರೆ ನಿಲ್ಲಿಸಿ ಕೇಳು. ಸಾಮಾನ್ಯವಾಗಿ ಬೇಡ ಅನ್ನಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತೆ, ಮಕ್ಕಳ ಕೈ ಬಿಡಲೇಬೇಡ, ಅಲ್ಲಿ ಇಬ್ಬರಿಗೆ ಇಬ್ಬರು ದೊಡ್ಡವರು ಬೇಕು. ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿ ಕೊಡುತ್ತಾರೆ. ಅದನ್ನು ತಿಂದ ಮೇಲೆ ನಿನ್ನವರು ಮೈಸೂರಿನವರೆಗೂ ಅಂಟಿಕೊಂಡೇ ಇರುತ್ತಾರೆ, ಸೀಟಿಗೂ, ಒಬ್ಬರಿಗೊಬ್ಬರಿಗೂ. ಒದ್ದೆ ಬಟ್ಟೆ ಒಂದು ಜೊತೆಯಲ್ಲಿರಲಿ.

ಶ್ರೀರಂಗಪಟ್ಟಣ ಅವತ್ತೇ ನೋಡಬೇಡ. ಇಷ್ಟರಲ್ಲಿ ಮಧ್ಯಾಹ್ನ ಮೂರಾಗಿರುತ್ತೆ, ಮಕ್ಕಳು ಹಿಂದೆ ಬಾಯಿ ತೆರೆದು ಮಲಗಿರುತ್ತಾರೆ. ಮಲಗಿದ ಮಕ್ಕಳನ್ನು ಎಬ್ಬಿಸಿ ಕೋಟೆ ತೋರಿಸುವುದಕ್ಕಿಂತ ದೊಡ್ಡ ಪಾಪ ಇಲ್ಲ. ನೇರ ಮೈಸೂರಿಗೆ ಹೋಗಿ ರೂಮಿನಲ್ಲಿ ಕೈಕಾಲು ಚಾಚು. ಸಂಜೆ ಏಳಕ್ಕೆ ಅರಮನೆಯ ಮುಂದಿರು. ಭಾನುವಾರ ಹೊರಡು ಅಂದಿದ್ದು ಇದಕ್ಕೇ, ಭಾನುವಾರ ಮತ್ತೆ ಸರ್ಕಾರಿ ರಜೆಯ ದಿನಗಳಲ್ಲಿ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತುತ್ತವೆ. ಹತ್ತುವ ಆ ಒಂದು ಕ್ಷಣಕ್ಕೆ ಮಕ್ಕಳ ಮುಖ ನೋಡು, ಅರಮನೆ ಆಮೇಲೆ ನೋಡಬಹುದು. ಅರಮನೆಯ ಒಳಗೆ ಹೋಗುವ ಯೋಚನೆ ಬಿಡು. ಚಪ್ಪಲಿ ಬಿಟ್ಟು, ಸಾಲಿನಲ್ಲಿ ನಿಂತು, "ಮುಟ್ಟಬೇಡ, ಮುಟ್ಟಬೇಡ" ಅಂತ ಒಂದು ಗಂಟೆ ಹೇಳೋದು ಯಾರಿಗೆ ಬೇಕು?

ಸೋಮವಾರ ಬೆಳಿಗ್ಗೆ ಮೃಗಾಲಯ. ಮಂಗಳವಾರಕ್ಕೆ ಇಟ್ಟುಕೊಳ್ಳಬೇಡ, ಅವತ್ತು ರಜೆ. ನಾನು ಒಮ್ಮೆ ಗೇಟಿನ ಮುಂದೆ ಇಬ್ಬರು ಅಳುವ ಮಕ್ಕಳ ಜೊತೆ ನಿಂತು ಇದನ್ನು ಕಲಿತವನು. 1892ರ ಮೃಗಾಲಯ ಅದು, ದೊಡ್ಡ ಮರಗಳ ನೆರಳಿದೆ, ಆದರೆ ಒಂದು ಸುತ್ತು ಅಂದರೆ ಮೂರು ಕಿಲೋಮೀಟರಿಗೂ ಮೇಲೆ. ಬ್ಯಾಟರಿ ಗಾಡಿ ಹತ್ತಿಬಿಡು, ಮರ್ಯಾದೆ ನೋಡಬೇಡ. ಜಿರಾಫೆ ಮತ್ತೆ ಜರ್ಮನಿಯಿಂದ ಬಂದ ಗೊರಿಲ್ಲಾಗಳ ಹತ್ತಿರ ಹೊತ್ತು ಕಳೆಯಿರಿ, ಹಾವಿನ ಮನೆ ನಿನಗೆ ಆಗಲ್ಲ, ನನಗೆ ಗೊತ್ತು. ಬಿಸಿಲು ಇಳಿದ ಮೇಲೆ, ವಾಪಸ್ ಬರುವ ದಾರಿಯಲ್ಲೇ, ರಂಗನತಿಟ್ಟಿನಲ್ಲಿ ದೋಣಿ. ಹೊಳೆಯ ನಡುವಿನ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತೆ, ದೋಣಿಯವರು ಹತ್ತಿರದಲ್ಲೇ ಹಾದುಹೋಗುತ್ತಾರೆ. "ಅದು ಗೊಂಬೆ" ಅಂತ ನಮ್ಮ ಚಿಕ್ಕವನು ಘೋಷಿಸಿದ. ಅದು ಕಣ್ಣು ಮಿಟುಕಿಸಿತು. ಆಮೇಲೆ ದಡ ಮುಟ್ಟುವವರೆಗೂ ಅವನು ನನ್ನ ತೊಡೆಯಿಂದ ಇಳಿಯಲಿಲ್ಲ.

ಚಾಮುಂಡಿ ಬೆಟ್ಟ, ಬೃಂದಾವನ ಎರಡೂ ಈ ಸಲ ಬೇಡ. ಬೈದುಕೋ, ಪರವಾಗಿಲ್ಲ. ಹಾಂ, ನಿನ್ನ ಟಿಕೆಟ್ ಇನ್ನೂ ಆಗಿಲ್ಲ ಅಂದೆಯಲ್ಲ, ಸಂಕ್ರಾಂತಿಗೆ ಹೊಂದಿಸಿಕೊಳ್ಳೋಕೆ ಆದರೆ ನೋಡು. ಅವತ್ತು ಸಂಜೆ ಈ ಕಡೆಯ ಊರುಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ, ಮೈಸೂರು ಇನ್ನೇನು ಬಂತು ಅನ್ನುವಾಗ ಸಿಗುವ ಸಿದ್ದಲಿಂಗಪುರದಲ್ಲಿ ಜೋರಾಗಿ ನಡೆಯುತ್ತೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೂರದಿಂದ ನೋಡಬೇಕು.

ಕಾರಿನ ಡಿಕ್ಕಿಯಲ್ಲಿ ಒಂದು ಸಣ್ಣ ಪಾಟಿ ಸೀಟು, ವಾಂತಿಗೆ ಕವರುಗಳು, ಹಳೇ ಟವೆಲ್ ಎಲ್ಲ ಇದೆ, ತೆಗೆಯಲ್ಲ, ಹಾಗೇ ಕೊಡುತ್ತೇನೆ. ಮಕ್ಕಳ ಸೀಟು ಒಂದೇ ಇರುವುದು, ಇನ್ನೊಂದು ಹೊಂದಿಸಿಕೋ. ಎಡಗಡೆಯ ಹಿಂದಿನ ಕಿಟಕಿ ಪೂರ್ತಿ ಇಳಿಯಲ್ಲ, ಅದು ರಿಪೇರಿ ಆಗದಿರುವುದೇ ಒಳ್ಳೆಯದು ಅಂತ ನಮ್ಮ ಮನೆಯಲ್ಲಿ ತೀರ್ಮಾನ. ಮತ್ತೆ ಆ ಬುಗುರಿ, ಲೇತಿನಿಂದ ಬಿಸಿಬಿಸಿಯಾಗಿ ಕೈಗೆ ಬಂತು ಅಂದೆನಲ್ಲ, ಕೆಂಪು-ಹಳದಿ ಪಟ್ಟೆಯದು, ಎಲ್ಲೋ ಸೀಟಿನ ಅಡಿಯಲ್ಲಿ ಬಿದ್ದಿರಬೇಕು. ನಿನ್ನವರ ಕೈ ಚಿಕ್ಕದು, ಹುಡುಕಿಸು. ಸಿಕ್ಕರೆ ಮಗಳಿಗೆ ತಂದುಕೊಡು.

ನಿನ್ನ,
ಸುರೇಶ