ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದ ಅಜ್ಜ

ಮ್ಯಾಂಚೆಸ್ಟರ್
ಭಾನುವಾರ

ತೀರ್ಥರೂಪು ದೊಡ್ಡಪ್ಪನವರಿಗೆ ನಿಮ್ಮ ಮಗಳು ಮಾಡುವ ಶರಣು.

ನಾವಿಲ್ಲಿ ಆರಾಮಾಗಿದ್ದೇವೆ. ದೊಡ್ಡಮ್ಮನ ಮೊಣಕಾಲು ನೋವು ಈಗ ಹೇಗಿದೆ? ಚಳಿ ಶುರುವಾಗುವ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ.

ಅಜ್ಜನ ಮಣ್ಣಿಗೆ ಬರಲು ಆಗಲಿಲ್ಲ. ಶಿವಗಣಾರಾಧನೆಯನ್ನೂ ಫೋನಿನಲ್ಲೇ ನೋಡಿದೆ. ಅವತ್ತು ಮಾತಾಡಿದ ಹಿರಿಯರೆಲ್ಲ ಅಜ್ಜ ಬರಿಗೈಲಿ ಊರಿಗೆ ಬಂದು ದೊಡ್ಡ ವ್ಯಾಪಾರಸ್ಥರಾದರು ಅಂದರು. ಬರಿಗೈಲಿ ಬಂದಿದ್ದು ನಿಜ. ಆದರೆ ದೊಡ್ಡ ವ್ಯಾಪಾರಸ್ಥರಾಗಲು ಅಜ್ಜ ಒಪ್ಪಲೇ ಇಲ್ಲ, ಅಲ್ವಾ? ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವರ್ಷದ ಪುಣ್ಯಸ್ಮರಣೆಗೆ ಸಣ್ಣ ಪುಸ್ತಕ ಮಾಡಿಸುತ್ತೇನೆ, ನೀನೂ ಏನಾದರೂ ಬರೆದು ಕಳಿಸು ಅಂದಿದ್ದಿರಿ. ಈ ಮಾತು ಅದರಲ್ಲಿ ಬರಲೇಬೇಕು ಅಂತ ನನ್ನ ಆಸೆ.

ಜಗಳೂರು ಕಡೆಯ ಹಳ್ಳಿಯಿಂದ ಅಜ್ಜ ದಾವಣಗೆರೆಗೆ ಬಂದಾಗ ಅವರಿಗೆ 16 ವರ್ಷ. ಮಂಡಿಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾದರು. ಆಗ ಇದೆಲ್ಲ ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆಯೇ ಜಿಲ್ಲೆಯಾದ ಮೇಲೂ ಅಜ್ಜ ಕೇಳಿದವರಿಗೆಲ್ಲ "ನಾನು ದುರ್ಗದ ಜಿಲ್ಲೆಯವನು" ಅನ್ನುತ್ತಿದ್ದರು. ಊರಲ್ಲಿ ಹತ್ತಿ ಮಿಲ್ಲುಗಳ ಸದ್ದು ಜೋರಾಗಿದ್ದ ಕಾಲ ಅದು. ಅಂಗಡಿಯಲ್ಲಿ ಕಸ ಹೊಡೆಯುವುದರಿಂದ ಹಿಡಿದು ಕಿರ್ದಿ ಲೆಕ್ಕ ಬರೆಯುವವರೆಗೆ ಎಲ್ಲ ಮಾಡಿದರಂತೆ. ಸ್ವಂತ ಅಂಗಡಿ ತೆರೆದದ್ದು ನೀವು ಹುಟ್ಟಿದ ಮೇಲೆ.

ಹತ್ತಿ ನೋಡುವ ಅವರ ಕೈ ನನಗೆ ಚೆನ್ನಾಗಿ ನೆನಪಿದೆ. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಚಿಟಿಕೆ ತೆಗೆಯುತ್ತಿದ್ದರು. ಮೇಲಿನದ್ದನ್ನು ನೋಡುತ್ತಲೇ ಇರಲಿಲ್ಲ. ಎರಡೂ ಹೆಬ್ಬೆರಳ ನಡುವೆ ಹಿಡಿದು ಎಳೆದು, ಮತ್ತೆ ಜೋಡಿಸಿ ಎಳೆದು, ಎಳೆಯ ಉದ್ದ ನೋಡಿ ಧಾರಣೆ ಹೇಳುತ್ತಿದ್ದರು. 1972ರಲ್ಲಿ ಧಾರವಾಡದ ಹತ್ತಿ ವಿಜ್ಞಾನಿ ಕಟರಕಿಯವರು ವರಲಕ್ಷ್ಮಿ ತಳಿ ತಂದಾಗ ಅದರ ಉದ್ದ ಎಳೆ ನೋಡಿ ರಾತ್ರಿಯೆಲ್ಲ ಅದೇ ಮಾತಾಡಿದರು ಅಂತ ಅಜ್ಜಿ ಹೇಳುತ್ತಿದ್ದರು. ಆಮೇಲೆ ಜಯಲಕ್ಷ್ಮಿ ಬಂತು. ಹೆಸರಿಗೆ ತಕ್ಕ ಹಾಗೆ ಎರಡೂ ರೈತರ ಕೈಗೆ ನಾಲ್ಕು ಕಾಸು ತಂದವು. ಮಿಲ್ಲುಗಳು ಒಂದೊಂದಾಗಿ ಮುಚ್ಚಿ, ಹೊಲಗಳಲ್ಲಿ ಮೆಕ್ಕೆಜೋಳ ಬಂದಾಗ ಅಜ್ಜ ಸುಮ್ಮನೆ ಮೆಕ್ಕೆಜೋಳಕ್ಕೆ ತಿರುಗಿಕೊಂಡರು. ಹತ್ತಿ ಹೋಯಿತು ಅಂತ ಕೂತು ಕೊರಗಿದ್ದನ್ನು ನಾನು ನೋಡಲಿಲ್ಲ.

ರೈತರಿಗೆ ಲೆಕ್ಕದ ಪಟ್ಟಿ ಕೊಡುವಾಗ ಅವರು ಗಟ್ಟಿಯಾಗಿ ಓದುತ್ತಿದ್ದರಲ್ಲ, ಅದನ್ನು ಬರೆಯಲು ಮರೆಯಬೇಡಿ. ತೂಕ ಇಷ್ಟು, ಧಾರಣೆ ಇಷ್ಟು, ಹಮಾಲಿ ಇಷ್ಟು, ದಲಾಲಿ ಇಷ್ಟು, ಕೈಗೆ ಇಷ್ಟು. ಓದು ಬರುವ ರೈತರಿಗೂ ಓದಿಯೇ ಕೊಡುತ್ತಿದ್ದರು. ಓದು ಬಾರದವರು ನಾಲ್ಕು ಜನರ ಎದುರು ಸಣ್ಣವರಾಗಬಾರದು, ಅದಕ್ಕೆ ಎಲ್ಲರಿಗೂ ಓದುವುದು ಅಂತ ನಿಮಗೆ ಹೇಳಿದ್ದರಂತೆ. ನನಗೆ ಇದನ್ನು ಹೇಳಿದ್ದು ನೀವೇ. ಇಷ್ಟು ಸೂಕ್ಷ್ಮ ಇರುವ ಮನುಷ್ಯರನ್ನು ನಾನು ಇಲ್ಲಿಯವರೆಗೆ ಹೆಚ್ಚು ಕಂಡಿಲ್ಲ.

1982ರ ಜನವರಿಯಲ್ಲಿ ಮುಂಬೈ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತಲ್ಲ. ಲಕ್ಷಗಟ್ಟಲೆ ಜನ ಕೆಲಸ ಬಿಟ್ಟು ಹೊರಗೆ ಬಂದರು, ಗಿರಣಿಗಳು ನಿಂತವು. ಅಜ್ಜ ಖರೀದಿ ಮಾಡಿ ಕಳಿಸಿದ್ದ ಹತ್ತಿಯ ದುಡ್ಡು ಅಲ್ಲಿನ ಒಬ್ಬ ವ್ಯಾಪಾರಿಯ ಹತ್ತಿರ ಸಿಕ್ಕಿಕೊಂಡಿತು. ಪೂರ್ತಿ ವಾಪಸು ಬರಲೇ ಇಲ್ಲ. ರೈತರಿಗೆ ಕೊಡುವ ಬಾಕಿ ಇತ್ತು. "ಬೊಂಬಾಯಿ ದುಡ್ಡು ಬರಲಿ, ಆಮೇಲೆ ನೋಡೋಣ" ಅಂತ ಹೇಳಿದ್ದರೆ ಯಾರೂ ಜಗಳ ಆಡುತ್ತಿರಲಿಲ್ಲ. ಅಜ್ಜ ಮನೆ ಕಟ್ಟಲು ತೆಗೆದಿಟ್ಟಿದ್ದ ಸೈಟು ಮಾರಿ ಯುಗಾದಿಯೊಳಗೆ ಬಾಕಿ ತೀರಿಸಿದರು. ನಾವೆಲ್ಲ ಆ ಹಳೇ ಮನೆಯಲ್ಲೇ ಬೆಳೆದದ್ದಕ್ಕೆ ಇದೇ ಕಾರಣ ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಇನ್ನು ಮಧ್ಯಾಹ್ನದ ಊಟ. ಸುಗ್ಗಿಯಲ್ಲಿ ಪೇಟೆ ತುಂಬ ಚೀಲ ಬಿದ್ದಿರಲಿ, ಹರಾಜು ನಡೆಯುತ್ತಿರಲಿ, ಒಂದೂವರೆಗೆ ಅಜ್ಜನ ಸೈಕಲ್ಲು ಬಾಗಿಲಲ್ಲಿ ಇರಬೇಕು. ಕೈಕಾಲು ತೊಳೆದು ನಮ್ಮ ಜೊತೆ ಕೂರುತ್ತಿದ್ದರು. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಆಮೇಲೆ ಒಂದಿಷ್ಟು ಅನ್ನ ಮಜ್ಜಿಗೆ. ಊಟ ಮಾಡುತ್ತಾ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಶಾಲೆಯಲ್ಲಿ ಏನಾಯಿತು, ಯಾರು ಹೊಡೆದರು, ಹಾಲಿನವನು ಯಾಕೆ ಬರಲಿಲ್ಲ, ಎಲ್ಲ ಬೇಕು ಅವರಿಗೆ. ಅಂಗಡಿ ಮಾತು ಮಾತ್ರ ಅಲ್ಲಿ ಬರುತ್ತಿರಲಿಲ್ಲ. ಸಂಜೆ ಬರುವಾಗ ಪೊಟ್ಟಣದಲ್ಲಿ ಮೆಣಸಿನಕಾಯಿ ಬಜ್ಜಿ, ನರ್ಗಿಸ್ ಮಂಡಕ್ಕಿ. ನನಗೆ ಇವತ್ತಿಗೂ ಮಂಡಕ್ಕಿ ಅಂದರೆ ಸಂಜೆ ಏಳು ಗಂಟೆ.

ರಾಯಚೂರು ಕಡೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಪಾಲು ಕೊಡುತ್ತೇನೆ ಅಂತ ಒಬ್ಬರು ಬಂದಿದ್ದರಲ್ಲ? ತಿಂಗಳಲ್ಲಿ ಹದಿನೈದು ದಿನ ಅಲ್ಲೇ ಇರಬೇಕಿತ್ತು. ನೀವೂ ಅಪ್ಪನೂ ಬೇಡ ಅನ್ನಬೇಡಿ ಅಂತ ಎಷ್ಟು ಹೇಳಿದಿರಿ! ಅಜ್ಜ ಒಂದೇ ಮಾತು ಅಂದರಂತೆ: "ಉಣ್ಣಾಕ ಮನಿಗೆ ಬರಾಕ ಆಗದಂಥ ವ್ಯಾಪಾರ ತಗೊಂಡು ಏನ್ ಮಾಡ್ಲಿ?" ಆ ಪಾಲು ತೆಗೆದುಕೊಂಡಿದ್ದರೆ ನಾವು ಈಗ ಎಲ್ಲೋ ಇರುತ್ತಿದ್ದೆವು ಅಂತ ಅಪ್ಪ ಈಗಲೂ ಅನ್ನುತ್ತಾರೆ. ಇರಬಹುದು. ನನಗೆ ಮಾತ್ರ ಅಜ್ಜ ಮಾಡಿದ್ದೇ ಸರಿ ಅನಿಸುತ್ತದೆ. ಇಲ್ಲಿ ನನ್ನ ಆಫೀಸಿನಲ್ಲಿ ಮಕ್ಕಳು ನಿದ್ದೆ ಮಾಡಿದ ಮೇಲೆ ಮನೆ ಸೇರುವವರು ಬಹಳ ಜನ ಇದ್ದಾರೆ. ಅವರನ್ನು ನೋಡಿದಾಗೆಲ್ಲ ಆ ಮಾತು ನೆನಪಾಗುತ್ತದೆ.

ಅಜ್ಜಿ ಹಾಸಿಗೆ ಹಿಡಿದ ವರ್ಷ ಅಂಗಡಿಯ ಕೀಲಿಕೈ ನಿಮ್ಮ ಕೈಗೆ ಕೊಟ್ಟು ಮನೆಯಲ್ಲೇ ಕೂತರು. ಅಜ್ಜಿಯ ತಲೆ ಬಾಚುವುದನ್ನು ದೊಡ್ಡಮ್ಮನ ಹತ್ತಿರ ಕಲಿತರು. ಮೊದಮೊದಲು ಜಡೆ ಸೊಟ್ಟ ಆಗುತ್ತಿತ್ತು, ಅಜ್ಜಿ ಬೈಯುತ್ತಿದ್ದರು. ಆಮೇಲೆ ಬೇರೆ ಯಾರಿಗೂ ಕೂದಲು ಮುಟ್ಟಲು ಬಿಡುತ್ತಿರಲಿಲ್ಲ, ಅಜ್ಜನೇ ಬರಬೇಕು. ಎಷ್ಟೋ ವರ್ಷ ಹತ್ತಿ ಎಳೆ ನೋಡಿದ ಬೆರಳು ಅವು.

ಒಂದು ವಿಷಯದಲ್ಲಿ ಮಾತ್ರ ಅಜ್ಜನ ಜೊತೆ ನನಗೆ ಒಪ್ಪಿಗೆ ಇಲ್ಲ. ಅತ್ತೆಯನ್ನು ಎ.ವಿ.ಕೆ. ಕಾಲೇಜಿಗೆ ಕಳಿಸಿ ಬಿ.ಕಾಂ. ಓದಿಸಿದರು. ಲೆಕ್ಕದಲ್ಲಿ ಮನೆಯಲ್ಲಿ ಅವರಷ್ಟು ಚುರುಕು ಯಾರೂ ಇಲ್ಲ, ನೀವೂ ಇಲ್ಲ ದೊಡ್ಡಪ್ಪ. ಆದರೂ ಅಂಗಡಿಯ ಗಾದಿ ಮೇಲೆ ಒಂದು ದಿನ ಕೂರಿಸಲಿಲ್ಲ. ಕಾಲ ಹಾಗಿತ್ತು ಅನ್ನಬಹುದು. ಆದರೆ ರೈತನ ಮುಖ ಸಣ್ಣದಾಗಬಾರದು ಅಂದವರಿಗೆ ಮಗಳ ಮುಖ ಕಾಣಬೇಕಿತ್ತು.

ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ನಾನು ಇಲ್ಲಿಗೆ ಬಂದಾಗ ಅಜ್ಜ ಎಲ್ಲರಿಗೂ "ನನ್ನ ಮೊಮ್ಮಗಳು ಅಸಲಿ ಮ್ಯಾಂಚೆಸ್ಟರ್‌ನಾಗೆ ಅದಾಳೆ" ಅಂತ ಹೇಳಿಕೊಂಡು ಓಡಾಡಿದರಂತೆ. ಇಲ್ಲಿ ಊರ ನಡುವೆ ರಾಯಲ್ ಎಕ್ಸ್‌ಚೇಂಜ್ ಅಂತ ದೊಡ್ಡ ಕಟ್ಟಡ ಇದೆ. ಒಂದು ಕಾಲದಲ್ಲಿ ಹತ್ತಿ, ನೂಲು, ಬಟ್ಟೆಯ ಭಾರೀ ವ್ಯಾಪಾರ ಅದರೊಳಗೆ ನಡೆಯುತ್ತಿತ್ತು. 1968ರಲ್ಲಿ ವ್ಯಾಪಾರ ನಿಂತಿತು, 1976ರಿಂದ ಅದು ನಾಟಕಶಾಲೆ. ಕೊನೆಯ ದಿನದ ಧಾರಣೆ ಮಾತ್ರ ಮೇಲಿನ ಬೋರ್ಡಿನಲ್ಲಿ ಇನ್ನೂ ಹಾಗೇ ಇದೆ. ಅದರ ಫೋಟೊ ಕಳಿಸಿದ್ದೆ. ಅಜ್ಜ ಧಾರಣೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ: "ಅಷ್ಟು ಜನ ಹಮಾಲರು ಇದ್ದಿರಬೇಕಲ್ಲ, ಅವರೆಲ್ಲ ಆಮೇಲೆ ಏನು ಮಾಡಿದರು?"

ಈಗ ಅಣ್ಣನ ವಿಷಯ. ಅವನು ಹಾವೇರಿ ಕಡೆ ಗೋದಾಮು ಹಾಕಿ ಕೋಳಿ ಆಹಾರದ ವ್ಯಾಪಾರ ಮಾಡುತ್ತೇನೆ ಅಂತಿದ್ದಾನೆ, ನಿನಗೇನು ಅನಿಸುತ್ತದೆ ಅಂತ ಕೇಳಿದ್ದಿರಿ. ಮಾಡಲಿ, ದೊಡ್ಡಪ್ಪ. ಮೆಕ್ಕೆಜೋಳದ ಊರಿನವನು, ಅವನಿಗೆ ಆ ಕೆಲಸ ಗೊತ್ತು. ನನ್ನ ಕಡೆಯಿಂದ ಆಗುವಷ್ಟು ದುಡ್ಡು ಹಾಕುತ್ತೇನೆ. ಎರಡು ಮಾತು ಮಾತ್ರ ಅವನಿಗೆ ನೀವೇ ಹೇಳಬೇಕು. ಅತ್ತೆಯನ್ನು ಲೆಕ್ಕಕ್ಕೆ ಕೂರಿಸಲಿ, ಸುಮ್ಮನೆ ಸಹಾಯಕ್ಕೆ ಅಂತಲ್ಲ, ಪಾಲು ಕೊಟ್ಟು. ಮತ್ತೆ ಅವನ ಮಗು ಇನ್ನೂ ಚಿಕ್ಕದು. ಅಲ್ಲಿ ಒಬ್ಬ ನಂಬಿಕೆಯ ಮನುಷ್ಯನನ್ನು ಇಟ್ಟು ರಾತ್ರಿ ಊರಿಗೆ ಬರುವ ಹಾಗೆ ಮಾಡಿಕೊಳ್ಳಲಿ. ಹೈವೇ ಇದೆ, ಆಗದ್ದೇನಲ್ಲ.

ಅಟ್ಟದ ಮೇಲಿರುವ ಅಜ್ಜನ ಕಿರ್ದಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ದೀಪಾವಳಿಗೆ ಟಿಕೆಟ್ ಮಾಡಿಸಿದ್ದೇನೆ, ಅಂಗಡಿಯ ಲಕ್ಷ್ಮೀ ಪೂಜೆಗೆ ಇರುತ್ತೇನೆ. ಆಗ ಒಟ್ಟಿಗೆ ಕೂತು ನೋಡೋಣ. 1982ರದ್ದು ಸಿಕ್ಕಿದರೆ ಬೇರೆ ತೆಗೆದಿಡಿ. ದೊಡ್ಡಮ್ಮನಿಗೆ, ಅತ್ತೆಗೆ ನನ್ನ ಶರಣು ಹೇಳಿ. ಅಪ್ಪನಿಗೆ ಈ ಕಾಗದ ಓದಲು ಕೊಡಿ.

ಇಂತಿ ನಿಮ್ಮ ಮಗಳು