ಟ್ಯುನೀಷಿಯಾದ ಮೂರನೇ ಹಳಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಟ್ಯುನೀಷಿಯಾ ರೈಲಿನ ಲೇಖನದ ಜೊತೆ ಅಚ್ಚಾದ ಚಿತ್ರದಲ್ಲಿ ಮೂರು ಹಳಿ ಕಾಣುತ್ತವೆ. ನಡುವಿನದನ್ನು ‘ಚೆಕ್ ರೇಲ್’ ಎಂದು ಬರೆದಿದ್ದೀರಿ. ಗಾಲಿ ಹಳಿ ತಪ್ಪದಂತೆ ತಡೆಯುವ ಚೆಕ್ ರೇಲ್, ಗಾಲಿ ಓಡುವ ಹಳಿಗೆ ನಾಲ್ಕೈದು ಸೆಂ.ಮೀ. ದೂರದಲ್ಲಿ ಅಂಟಿಕೊಂಡಂತೆ ಇರುತ್ತದೆ. ಚಿತ್ರದಲ್ಲಿರುವುದು ಮೊಳದಷ್ಟು ದೂರ ಇದೆ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಗಲ; ಅದು 1000 ಮಿ.ಮೀ.ನ ಮೀಟರ್ ಗೇಜ್ ಹಳಿ. ಆಚೆಯದು 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್, ಈಚೆಯದು ಎರಡೂ ಗೇಜಿಗೆ ಬರುವ ಹೊಂದಿಕೆ ಹಳಿ. ಆ ದೇಶದ ರೈಲಿನ ಚರಿತ್ರೆಯೆಲ್ಲ ಈ 435 ಮಿ.ಮೀ. ಅಂತರದಲ್ಲಿದೆ, ಲೇಖನ ಅದನ್ನೇ ಬಿಟ್ಟಿದೆ.

ಅಲ್ಲಿನ ರೈಲನ್ನೆಲ್ಲ ಫ್ರೆಂಚರೇ ಹಾಕಿದರು ಎಂಬುದೂ ಸರಿಯಲ್ಲ. 1872ರಲ್ಲಿ ಟ್ಯೂನಿಸ್‌ನಿಂದ ಲಾ ಗುಲೆಟ್ ಬಂದರಿಗೆ ಮೊದಲ ದಾರಿ ಮಾಡಿದ್ದು ಇಂಗ್ಲಿಷ್ ಕಂಪನಿ. 1880ರಲ್ಲಿ ಅದನ್ನು ಇಟಲಿಯ ರುಬಟ್ಟಿನೊ ಕಂಪನಿ ಕೊಂಡಿತು. ಫ್ರೆಂಚರ ಬೋನ್-ಗೆಲ್ಮಾ ಕಂಪನಿಯ ಕೈಗೆ ಅದು ಸಿಕ್ಕಿದ್ದು 1898ರಲ್ಲಿ. ಅಷ್ಟರೊಳಗೆ ಈ ಕಂಪನಿಯವರು ಮೆಜೆರ್ದಾ ಕಣಿವೆ ಹಿಡಿದು ಪಶ್ಚಿಮಕ್ಕೆ ಹೋಗಿ, 1884ಕ್ಕೆ ಅಲ್ಜೀರಿಯಾದ ಹಳಿಗೆ ಕೂಡಿಸಿದ್ದರು. ಅತ್ತ ಕಡೆ ಸ್ಟ್ಯಾಂಡರ್ಡ್ ಗೇಜ್ ಇದ್ದುದರಿಂದ ಇತ್ತ ಕಡೆಯೂ ಅದೇ ಬಂತು. ಫ್ರೆಂಚ್ ದಂಡಿನವರು ತಮ್ಮ ಅವಸರಕ್ಕೆ ಸೂಸ್‌ನಿಂದ ಕೈರುವಾನ್‌ಗೆ 600 ಮಿ.ಮೀ.ನ ಡೆಕೊವಿಲ್ ಹಳಿಯನ್ನೂ ಹಾಸಿದರು. ಹಳಿ, ಅದರ ಕೆಳಗಿನ ಅಡ್ಡಪಟ್ಟಿಯಾದ ಸ್ಲೀಪರ್ ಎರಡನ್ನೂ ಮೊದಲೇ ಬಿಗಿದ ಏಣಿಯಂಥ ಚೌಕಟ್ಟುಗಳನ್ನು ನೆಲಕ್ಕೆ ಹಾಸುತ್ತ ಹೋಗುವುದು, ಮೇಲೆ ಕುದುರೆ ಕಟ್ಟಿ ಡಬ್ಬಿ ಎಳೆಸುವುದು.

1881ರಲ್ಲಿ ದೇಶ ಫ್ರೆಂಚರ ಹಿಡಿತಕ್ಕೆ ಬಂದ ಮೇಲೆ ದಕ್ಷಿಣದ ದಾರಿಗಳಿಗೆ ಮೀಟರ್ ಗೇಜ್ ಆರಿಸಿದರು, ಖರ್ಚು ಕಡಿಮೆ ಎಂದು. ಎಷ್ಟು ಕಡಿಮೆ ಎಂಬುದಕ್ಕೆ ನಮ್ಮ ಕಡೆಯ ಲೆಕ್ಕವೇ ಸಾಕು. ಹಳೆಯ ಕಟ್ಟಿಗೆ ಸ್ಲೀಪರ್ ಬ್ರಾಡ್ ಗೇಜಿಗೆ 2743 × 254 × 127 ಮಿ.ಮೀ., ಮೀಟರ್ ಗೇಜಿಗೆ 1829 × 203 × 114. ಗುಣಿಸಿ ನೋಡಿದರೆ ಒಂದರ ಕಟ್ಟಿಗೆಯಲ್ಲಿ ಎರಡು ಆಗುತ್ತವೆ. ಏರಿಯ ಮಣ್ಣು, ಜಲ್ಲಿ, ಸೇತುವೆಯ ಕಬ್ಬಿಣ ಎಲ್ಲ ಅದೇ ದಿಕ್ಕಿನಲ್ಲಿ ಇಳಿಯುತ್ತವೆ, ಗುಡ್ಡದಲ್ಲಿ ಬಿಗಿಯಾದ ತಿರುವೂ ಸಿಗುತ್ತದೆ.

‘ಮೀಟರ್ ಗೇಜಿನಿಂದ ಟ್ಯುನೀಷಿಯಾ ಹಿಂದುಳಿಯಿತು’ ಎಂಬ ಮಾತನ್ನಂತೂ ಒಪ್ಪಲಾಗದು. 1899ರಲ್ಲಿ ತೆರೆದ ಸ್ಫಾಕ್ಸ್-ಗಾಫ್ಸಾ ದಾರಿ ನೋಡಿ. ಮೆಟ್ಲಾವಿಯ ಗಣಿಯಲ್ಲಿ ತುಂಬಿದ ಫಾಸ್ಫೇಟ್ ಸ್ಫಾಕ್ಸ್ ಬಂದರಿನಲ್ಲೇ ಇಳಿಯುತ್ತಿತ್ತು, ನಡುವೆ ಎಲ್ಲೂ ಕೈ ಬದಲಾಗುತ್ತಿರಲಿಲ್ಲ. ಸರಕನ್ನು ತಿನ್ನುವುದು ಗೇಜಿನ ಅಗಲವಲ್ಲ, ಎರಡು ಗೇಜ್ ಕೂಡುವ ಜಾಗ. ಗದಗಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗದಗ-ಹೊಟಗಿ ಮೀಟರ್ ಗೇಜ್ ಇದ್ದಾಗ, ಮುಂಬೈಗೆ ಹೊರಟ ಅರಳೆ ಅಂಡಿಗೆಗಳನ್ನು ಹೊಟಗಿಯಲ್ಲಿ ಹಮಾಲರು ಒಂದು ವ್ಯಾಗನ್‌ನಿಂದ ಇನ್ನೊಂದಕ್ಕೆ ಹೊರಬೇಕಿತ್ತು. ಆ ಕಾಲದ ಒಂದು ಅಂಡಿಗೆ 392 ಪೌಂಡ್, ಅಂದರೆ ಸುಮಾರು 178 ಕೆ.ಜಿ. ಕೂಲಿ ಒಂದು ಕಡೆ, ಆಚೆ ಬದಿ ಖಾಲಿ ವ್ಯಾಗನ್ ಬರುವ ತನಕ ಕಾಯುವುದು ಇನ್ನೊಂದು ಕಡೆ, ಮಳೆ ಬಂದರೆ ಅರಳೆ ತೊಯ್ಯುವುದು ಮತ್ತೊಂದು.

ಹಾಗಾದರೆ ಮೂರನೇ ಹಳಿ ಎಲ್ಲ ಕಡೆ ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಸುಲಭ. ಆದರೆ ಎರಡು ಗೇಜಿನ ನಡುರೇಖೆ 217.5 ಮಿ.ಮೀ. ಸರಿಯುತ್ತದೆ, ಪ್ಲಾಟ್‌ಫಾರ್ಮ್ ಅಂಚು ಒಂದಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಂದಿಕೆ ಹಳಿಯ ಮೇಲೆ ಎರಡೂ ಬಗೆಯ ಗಾಡಿ ಓಡುವುದರಿಂದ ಅದರ ತಲೆ ಮೊದಲು ಸವೆಯುತ್ತದೆ, ಅದರ ಕೆಳಗಿನ ಜಲ್ಲಿ ಮೊದಲು ಕೂರುತ್ತದೆ, ಎರಡು ಬದಿಯ ಹಳಿಗಳ ಮಟ್ಟ (ಕ್ರಾಸ್ ಲೆವೆಲ್) ತಪ್ಪುತ್ತದೆ. ದಾರಿ ಕವಲೊಡೆಯುವ ಪಾಯಿಂಟ್ ಬಂದಲ್ಲಂತೂ ಹಳಿಯನ್ನು ಹಳಿ ದಾಟುವ ಕ್ರಾಸಿಂಗ್‌ಗಳು ಹೆಚ್ಚು, ಪ್ರತಿಯೊಂದೂ ಗಾಲಿ ಬಡಿಯುವ ಜಾಗ. ಅದಕ್ಕೇ ಅಲ್ಲಿ ಇಂಥ ದಾರಿ ಟ್ಯೂನಿಸ್ ಸುತ್ತಮುತ್ತ ಕೆಲವೇ ಕಿ.ಮೀ. ಇದೆ.

ನಾವು ದಾರಿಗಳನ್ನೆಲ್ಲ ಒಂದೇ ಗೇಜಿಗೆ ತರುವ 1992ರ ಯುನಿಗೇಜ್ ಯೋಜನೆಯಲ್ಲಿ ಮೀಟರ್ ಗೇಜ್ ಕಿತ್ತದ್ದು ಸರಿಯೇ, ಸುತ್ತಲೂ ಬ್ರಾಡ್ ಗೇಜ್ ಇತ್ತು. ಟ್ಯುನೀಷಿಯಾದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ದಾರಿ ಮೀಟರ್ ಗೇಜೇ, ಕಿತ್ತು ಯಾವುದಕ್ಕೆ ಕೂಡಿಸಬೇಕು? ಸೂಸ್-ಮೊನಾಸ್ತಿರ್-ಮಹ್ದಿಯಾ ನಡುವೆ ಅದೇ ಮೀಟರ್ ಗೇಜಿನ ಮೇಲೆ 25 ಸಾವಿರ ವೋಲ್ಟಿನ ವಿದ್ಯುತ್ ರೈಲು ಓಡುತ್ತಿದೆ. ಹುಬ್ಬಳ್ಳಿಯ ಮೀಟರ್ ಗೇಜ್ ಕೊನೆಯ ತನಕ ಮೇಲೊಂದು ತಂತಿ ಕಂಡಿರಲಿಲ್ಲ.

ಚಿತ್ರದ ಅಡಿಬರಹವನ್ನಾದರೂ ಮುಂದಿನ ಸಂಚಿಕೆಯಲ್ಲಿ ತಿದ್ದಿ.

— ನಿವೃತ್ತ ಪರ್ಮನೆಂಟ್ ವೇ ಸಿಬ್ಬಂದಿ, ಹುಬ್ಬಳ್ಳಿ